ಸ್ವಂತ ವಾಕ್ಯದಲ್ಲಿ ಬಳಸಿರಿ

ಮಗಳ ನೋಟ್‌ಬುಕ್ಕಿನಾಗ ಎಂಟನೇ ನಂಬರು:
‘ಹುಷಾರು’ — ಅರ್ಥ ಬರೆದು
ಸ್ವಂತ ವಾಕ್ಯದಲ್ಲಿ ಬಳಸಿರಿ.
ಬಿಟ್ಟ ಜಾಗ ಒಂದೇ ಗೆರಿ.

‘ಅವ್ವಾ, ಹಂಗಂದ್ರ ಏನು?’ ಅಂದಳು ವನ್ನೂರಿ,
ಪೆನ್ಸಿಲ್ಲಿನ ಬೆನ್ನು ಕಡಕೋಂತ.
ರೊಟ್ಟಿ ಬಡಿಯೋ ಕೈ ನಿಂತಿತು.
ಎಷ್ಟು ತಿಕ್ಕಿದರೂ ಹೋಗದ ಜೀನ್ಸಿನ ನೀಲಿ
ಅವತ್ತೂ ಒಂಚೂರು ಹಿಟ್ಟಿಗೆ ಹತ್ತಿತ್ತು.
ದಿನಾ ಬಾಯಾಗ ಇರೋ ಮಾತು,
ಕೇಳಿದ ಕೂಡ್ಲೇ
ನಾಲಿಗಿ ಬಿಟ್ಟು ಎಲ್ಲೋ ಎದ್ದು ಹೋತು.

ತಡಿ, ನಾಳಿ ಕೇಳ್ಕೊಂಡು ಬರ್ತೀನಿ ಅಂದೆ.

ಕೌಲ್ ಬಜಾರಿನ ನಮ್ಮ ಷೆಡ್ಡಿನಾಗ
ಮಷೀನು ಹದಿನಾರು, ಫ್ಯಾನು ಮೂರು,
ಭಾಷೆ ಎಷ್ಟಂತ ಎಣಿಸಿದೋರಿಲ್ಲ.
ಬಯ್ಯೋದು ಒಂದರಾಗ, ರೊಕ್ಕ ಎಣಿಸೋದು ಇನ್ನೊಂದರಾಗ,
ಅಳೋದು ಮಾತ್ರ ಅವರವರ ಮನೀದರಾಗ.

ಮೊದಲು ಖಾಸಿಂ ಪೀರಾ ಮಾಸ್ತರ್‌ನ ಕೇಳಿದೆ.
ಕತ್ತರಿ ಕೆಳಗಿಟ್ಟರು.
‘ಹೋಶ್, ಹಂಪಮ್ಮ. ಹೋಶಿನಾಗ ಇರೋದು.
ಸೂಜಿ ಎಲ್ಲೈತಿ, ಬೆರಳು ಎಲ್ಲೈತಿ,
ಎರಡೂ ಒಟ್ಟಿಗೆ ಗೊತ್ತಿರೋದು.’
ಅವರ ಎಡಗೈ ತೋರುಬೆರಳಿಗೆ ಉಗುರಿಲ್ಲ.
ಅದನ್ನ ತೋರಿಸಲೂ ಇಲ್ಲ, ಮುಚ್ಚಿಡಲೂ ಇಲ್ಲ.

ಆದೋನಿ ಕಡೆಯ ಮದ್ದಿಲೇಟಿ
ಗುಂಡಿ ಮಷೀನಿನ ಹಿಂದಿಂದ ನಕ್ಕುಬಿಟ್ಟ.
‘ಅದು ಮುದುಕರ ಅರ್ಥ ಅಕ್ಕಾ.
ನಮ್ಮ ಕಡಿ ಹುಷಾರಂದ್ರ —’
ಹೇಳಾಕ ಬರಲಿಲ್ಲ ಅವಗ.
ಎದ್ದು ನಿಂತು ಎರಡು ಹೆಜ್ಜಿ ಕುಣಿದು ತೋರಿಸಿದ.
ಕೊರಳಾಗಿನ ಅಳತೆ ಟೇಪು ಹಾರಿ
ಅರ್ಧ ಹೊಲಿದ ಪ್ಯಾಂಟಿನ ಮ್ಯಾಲೆ ಬಿತ್ತು.
ಶನಿವಾರ ಬಟವಾಡೆ ಆದ ಮ್ಯಾಲೆ
ಗಂಡುಹುಡುಗರು ನಡಿಯೋ ಹಂಗ ಇತ್ತದು.

ದಾರ ಕತ್ತರಿಸೋ ಎರ್ರೆಮ್ಮಜ್ಜಿ ತಲಿ ಎತ್ತಲಿಲ್ಲ.
‘ನನಗಂತೂ ಆ ಮಾತು
ಇಲ್ಲದಾಗ ಮಾತ್ರ ನೆನಪು.
ಮೊಮ್ಮಗಗ ಹುಷಾರಿಲ್ಲ, ಸೊಸಿಗೆ ಹುಷಾರಿಲ್ಲ.
ಇದ್ದ ದಿನ ಅದರ ಹೆಸರು ಹಿಡಿದು
ಯಾರು ಕರೀತಾರೆ ಹೇಳು?’

ಹೋದ ಬ್ಯಾಸಗಿ ನನಗ ಕಾಮಾಲೆ.
ದೊಡ್ಡಾಸ್ಪತ್ರಿಯಾಗ ಹನ್ನೊಂದು ದಿನ
ಮೇಲೆ ತಿರುಗೋ ಫ್ಯಾನಿನ ರೆಕ್ಕಿ ಎಣಿಸಿದೆ.
ಮೂರೇ ಇದ್ದವು. ಮತ್ತ ಎಣಿಸಿದೆ.
‘ಈಗ ಹುಷಾರಾಗಿದ್ದೀರಿ’ ಅಂತ ಚೀಟಿ ಬರೆದು ಕಳಿಸಿದರು.
ಮನಿಗೆ ಬಂದೋಳು ನಾನಲ್ಲ, ನನ್ನ ಸೀರಿ.
ತಿಂಗಳು ಹಂಗೇ.
ಗೋಡಿಗೆ ಒರಗಿಸಿದರ ಗೋಡಿಗೆ, ಕಂಬಕ್ಕ ಒರಗಿಸಿದರ ಕಂಬಕ್ಕ.

ಆಮ್ಯಾಲೆ ಒಂದಿನ,
ಎಂಟು ದಿನಕ್ಕೊಮ್ಮೆ ಉಸಿರು ಬಿಡೋ ನಮ್ಮೋಣಿ ನಲ್ಲಿಯಾಗ
ಪಕ್ಕದ ಮನಿ ಜಡೆಮ್ಮ
ನನ್ನ ಕೊಡ ಸರಿಸಿ ತನ್ನ ಕೊಡ ಇಟ್ಟಳು.
ಎಲ್ಲಿತ್ತೋ ಆ ದನಿ!
ಸೆರಗು ಸಿಗಿಸಿ, ಅವಳ ಅತ್ತಿ ಕಾಲದಿಂದ ಹಿಡಿದು
ಆ ವರ್ಷದ ಮಾವಿನ ಉಪ್ಪಿನಕಾಯಿ ತನಕ
ಒಂದೂ ಬಿಡದಂಗ ತೆಗೆದೆ.
ಕೋಟಿ ಗುಡ್ಡದ ಬಂಡಿಗೆ ಹೊಡೆದು ವಾಪಸ್ ಬಂದಿರಬೇಕು.
ಮಗಳು ಕಟ್ಟಿ ಮ್ಯಾಲೆ ಚಪ್ಪಾಳಿ ತಟ್ಟಿದಳು:
‘ಅವ್ವ ಹುಷಾರಾದಳು! ಅವ್ವ ಹುಷಾರಾದಳು!’
ಜಡೆಮ್ಮನೂ ನಕ್ಕು, ಕೊಡ ಹಿಂದಕ್ಕಿಟ್ಟಳು.

ಸಂಜಿ ಇಷ್ಟೆಲ್ಲ ಉಡಿಯಾಗ ಕಟ್ಟಿಕೊಂಡು
ಮನಿಗೆ ಬಂದರ
ವನ್ನೂರಿ ಬರೆದು, ಮಲಗಿಬಿಟ್ಟಿದ್ದಳು.
ಅರ್ಥದ ಜಾಗ ಖಾಲಿ.
ಗೆರಿ ಮ್ಯಾಲೆ ಒಂದೇ ಸಾಲು:
ನಮ್ಮ ಅವ್ವ ಹುಷಾರು.

ಮರುದಿನ ಅದರ ಕೆಳಗ ಟೀಚರ್ ಕೆಂಪು ಶಾಯಿ:
‘ವಾಕ್ಯ ಅಪೂರ್ಣ. ಕ್ರಿಯಾಪದ ಎಲ್ಲಿ?’

ಕೇಳಿದ್ದು ಖರೇನ.
ನಾನೂ ಮಷೀನು ತುಳೀತ ದಿನವೆಲ್ಲ ಹುಡುಕಿದೆ,
ನಾಲ್ಕು ಜೇಬು ಸೊಟ್ಟ ಹೊಲಿದೆ.

ಬೆಳಿಗ್ಗೆ, ಅದಿರಿನ ಲಾರಿ ಸಾಲಾಗಿ ಬರೋ ರಸ್ತಿ.
ಬಾಗಿಲಾಗ ನಿಂತು ಕೂಗಿದೆ,
‘ವನ್ನೂರೀ, ಹುಷಾರು!’

ಅತ್ತ ನೋಡಿದಳು, ಇತ್ತ ನೋಡಿದಳು,
ಬೆನ್ನಿನ ಚೀಲ ಕುಣಿಸಿಕೋಂತ
ಓಡಿದಳು.